ಗಂಟು ಕಟ್ಟಿಕೊಂಡ ಪುಟ್ಟಿ

ಅಕ್ಕಾ, ನಾನು ಈ ಅನಾಥಾಲಯದಲ್ಲಿ ಕೆಲಸಕ್ಕೆ ಸೇರಿ ಹದಿನೈದು ದಿನವಾಯಿತು.

ಇವತ್ತು ಬೆಳಿಗ್ಗೆ ಇಲ್ಲಿ ಮಕ್ಕಳ ಹಕ್ಕುಗಳ ದಿನಾಚರಣೆ ಇತ್ತು. ‘ಮನೆ ಪ್ರತಿ ಮಗುವಿನ ಹಕ್ಕು’ ಎಂದು ಆರು ವರ್ಷದ ಪುಟ್ಟಿಗೆ ನಾನೇ ಬಾಯಿಪಾಠ ಮಾಡಿಸಿದ್ದೆ. ಅವಳು ಒಂದಕ್ಷರವೂ ತಪ್ಪದೆ ಹೇಳಿದಳು. ಬಂದಿದ್ದ ಅಧಿಕಾರಿ ಅವಳನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಂಡರು.

“ಹಾಗಾದ್ರೆ ನಮ್ಮನೆಗೆ ಯಾವಾಗ ಹೋಗೋದು?” ಎಂದು ಅವಳು ಕೇಳಿದಳು.

“ಬೇಗ ಕರ್ಕೊಂಡು ಹೋಗ್ತೀನಮ್ಮ” ಎಂದು ಕೆನ್ನೆ ಹಿಂಡಿ ಅವರು ಕಾರು ಹತ್ತಿದರು.

ಆಗಿನಿಂದ ಅವಳು ಬಟ್ಟೆ ಗಂಟು ಕಟ್ಟಿಕೊಂಡು ಗೇಟಿನ ಹತ್ತಿರ ಕೂತಿದ್ದಾಳೆ. ಊಟಕ್ಕೆ ಕರೆದರೆ, “ನಾನು ಒಳಗಿದ್ದಾಗ ಅವ್ರು ಬಂದ್ಬಿಟ್ರೆ?” ಎನ್ನುತ್ತಾಳೆ.

ನನ್ನ ಕೆಮ್ಮು ಕಡಿಮೆಯಾಗಿದೆ, ಔಷಧಿ ಕಳಿಸಬೇಡ. ಕತ್ತಲಾಗುತ್ತಿದೆ. ಯಾರೂ ಬರುವುದಿಲ್ಲವೆಂದು ಅವಳಿಗೆ ಹೇಳಲು ನನಗೆ ಬಾಯಿ ಬರುತ್ತಿಲ್ಲ, ಅಕ್ಕಾ.

ನಿನ್ನ ತಂಗಿ