ಇಪ್ಪತ್ತನಾಲ್ಕು ಗಂಟೆಯೂ ಸೂರ್ಯ

ಹಸಿರು ಜಲಜನಕ ನಿಗಮದ ಮುಖ್ಯ ನಿರ್ದೇಶಕರಿಗೆ, ಪತ್ರಿಕೆಯ ಮೂಲಕ ಬಹಿರಂಗ ಪತ್ರ,

ಮಾನ್ಯರೇ, ನನಗೆ ಮದುವೆಯಾಯಿತು! ಹನ್ನೊಂದು ದಿನವಾದರೂ ನಂಬಲಾಗುತ್ತಿಲ್ಲ, ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಹೇಳಬೇಕೆನ್ನಿಸುತ್ತದೆ. ನಿಮಗಂತೂ ಹೇಳಲೇಬೇಕು. ಏಕೆಂದರೆ ಈ ಸಂಬಂಧ ಕುದುರಲು ಕಾರಣ ನೀವೇ. ಮದುವೆಯ ಮೂರನೆಯ ದಿನ ನನ್ನ ಗಂಡನನ್ನು ಕೆಲಸದಿಂದ ಅಮಾನತು ಮಾಡಿದವರೂ ನೀವೇ. ಇಷ್ಟು ಮುತುವರ್ಜಿಯನ್ನು ಸ್ವಂತ ಸೋದರಮಾವನೂ ವಹಿಸುವುದಿಲ್ಲ.

ನನ್ನವರು ನಿಮ್ಮ ಜಲಜನಕ ಸ್ಥಾವರದಲ್ಲಿ ಆಪರೇಟರ್. ಅವರ ಅಪರಾಧ ಇಷ್ಟೇ: ದಿನಚರಿಯ ಹಾಳೆಯಲ್ಲಿ ಸಂಜೆ ಏಳು ಗಂಟೆಯ ಸಾಲಿನೆದುರು ಅಚ್ಚಾಗಿದ್ದ ‘ಸೂರ್ಯ’ ಎಂಬ ಪದವನ್ನು ಹೊಡೆದುಹಾಕಿ ‘ಕಲ್ಲಿದ್ದಲು’ ಎಂದು ಬರೆದರು. ನಿಮ್ಮ ನೋಟಿಸು ಇದನ್ನು ‘ಮುದ್ರಿತ ದಾಖಲೆಯನ್ನು ವಿರೂಪಗೊಳಿಸಿದ ದುರ್ನಡತೆ’ ಎನ್ನುತ್ತದೆ. ಸಂಜೆ ಏಳಕ್ಕೆ ಸೂರ್ಯ ಇರುವುದಿಲ್ಲ ಎಂಬುದು ಮಕ್ಕಳಿಗೆ ತಿಳಿದಿರುವ ಸಂಗತಿ. ಆದರೆ ಮಕ್ಕಳು ನಿರ್ದೇಶಕರಾಗುವುದಿಲ್ಲವಲ್ಲ.

ಆ ಹಾಳೆಯ ಕಥೆ ನನಗೆ ಚೆನ್ನಾಗಿ ಗೊತ್ತು. ಅದನ್ನು ಮಾಡಿದವಳು ನಾನೇ, ನಿಮ್ಮ ಕೇಂದ್ರ ಕಚೇರಿಯ ನಮೂನೆ ವಿಭಾಗದ ಟೈಪಿಸ್ಟ್. ಕಳೆದ ವರ್ಷ ನೀವು ನನ್ನ ಮೇಜಿನ ಬಳಿಗೆ ಬಂದಿರಿ. “ಏನಮ್ಮಾ, ಕರೆಂಟಿನ ಮೂಲ ಅನ್ನೋ ಕಡೆ ‘ಸೂರ್ಯ’ ಅಂತ ನಾವೇ ಹಾಕ್ಬಿಡೋಣ. ಪಾಪ, ಆಪರೇಟರ್‌ಗಳಿಗೆ ಗಂಟೆಗೊಂದ್ಸಲ ಬರೆಯೋ ಕಷ್ಟ ಯಾಕೆ?” ಎಂದಿರಿ. “ಎಲ್ಲಾ ಸಾಲಿಗೂನಾ ಸಾರ್?” ಎಂದೆ. “ಎಲ್ಲಾ ಸಾಲಿಗೂ” ಎಂದು ಚೀಟಿಯಲ್ಲಿ ಬರೆದು ಸಹಿ ಹಾಕಿದಿರಿ. ಅದರ ನಕಲು ಈಗ ಈ ಪತ್ರಿಕೆಯ ಸಂಪಾದಕರ ಬಳಿಯೂ ಇದೆ. ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು. ದೊಡ್ಡವರು ಹೇಳಿದ್ದನ್ನು ಅರ್ಥಮಾಡಿಕೊಳ್ಳದೆ ಚೊಕ್ಕವಾಗಿ ಬರೆದು ನೂರಕ್ಕೆ ನೂರು ತೆಗೆಯುವುದು ನಮಗೆ ಎಳವೆಯ ರೂಢಿ. ಮೊದಲ ಮನೆಯಲ್ಲಿ ‘ಸೂರ್ಯ’ ಎಂದು ಒತ್ತಿ, ಮೌಸ್ ಹಿಡಿದು ಕೆಳಗೆಳೆದೆ. ಒಂದೇ ಎಳೆತಕ್ಕೆ ಇಪ್ಪತ್ತನಾಲ್ಕು ಸೂರ್ಯರು!

ಎರಡು ವಾರದ ಬಳಿಕ ಸ್ಥಾವರದಿಂದ ಫೋನು ಬಂತು.

“ಮೇಡಂ, ರಾತ್ರಿ ಹನ್ನೊಂದಕ್ಕೆ ಸೂರ್ಯನ್ನ ಹುಟ್ಟಿಸಿದ ಮಹಾತಾಯಿ ನೀವೇನಾ?”

“ಹೌದು. ಯಾಕೆ, ಸೆಕೆ ಆಗ್ತಿದೆಯಾ?”

“ಸೆಕೆ ಅಲ್ಲ ಮೇಡಂ, ನಾಚಿಕೆ ಆಗ್ತಿದೆ.”

ನಿಮ್ಮ ಕಟ್ಟಡದಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ ಮೇಲೆ ಆ ಪದವನ್ನು ಕೇಳಿದ್ದು ಅದೇ ಮೊದಲು. ಅಲ್ಲೇ ಜಾರಿಬಿದ್ದೆ. ಎಂಟು ತಿಂಗಳು ಫೋನಿನಲ್ಲಿ ಮಾತಾಡಿದೆವು. ಬೇರೆ ಹುಡುಗಿಯರಿಗೆ ಅವರವರ ಹುಡುಗರು ಚಂದ್ರನನ್ನು ತಂದುಕೊಡುತ್ತೇನೆ ಎನ್ನುತ್ತಾರಂತೆ. ನನ್ನವರು ಜಲಜನಕದ ಬೆಲೆ ಬಿಡಿಸಿ ಹೇಳಿದರು. ಎಷ್ಟು ಸೊಗಸಾಗಿ ಹೇಳಿದರು ಗೊತ್ತೇ?

ನೀರಿಗೆ ಕರೆಂಟು ಹಾಯಿಸಿದರೆ ಜಲಜನಕ ಬೇರೆಯಾಗುತ್ತದೆ. ಆ ಕರೆಂಟು ಬಿಸಿಲಿನದೋ ಗಾಳಿಯದೋ ಆಗಿದ್ದರೆ ಅದು ‘ಹಸಿರು’. ಶ್ರೀಮಂತ ದೇಶಗಳು ಹೆಚ್ಚಿನ ಬೆಲೆ ಕೊಡುವುದು ಆ ಒಂದು ಪದಕ್ಕೆ. ಒಂದು ಕಿಲೋಗೆ ಹೆಚ್ಚುಕಡಿಮೆ ಐವತ್ತೈದು ಯೂನಿಟ್ ಬೇಕು. ಗಟ್ಟಿ ಬಿಸಿಲು ಸಿಗುವುದು ದಿನಕ್ಕೆ ಆರು ಗಂಟೆ. ಮಿಕ್ಕ ಹದಿನೆಂಟು ಗಂಟೆ ಯಂತ್ರ ಮಲಗಿರುತ್ತದೆ, ಅದನ್ನು ಕೊಂಡ ಸಾಲದ ಬಡ್ಡಿ ಮಾತ್ರ ಮಲಗುವುದಿಲ್ಲ. ಸಿರಿವಂತರಿಗೆ ಅಗ್ಗದ ಬಡ್ಡಿಗೆ ಸಿಗುವ ಸಾಲ ನಮ್ಮಂಥ ದೇಶಕ್ಕೆ ಅದರ ಮೂರು ಪಟ್ಟು ಬಡ್ಡಿಗೆ ಸಿಗುತ್ತದೆ. ಹಾಗಾಗಿ ಅವರಿಗಿಂತ ಹೆಚ್ಚು ಬಿಸಿಲಿದ್ದೂ ನಮ್ಮ ಕಿಲೋ ದುಬಾರಿ. ಬಿಸಿಲು ಪುಕ್ಕಟೆ, ಅದನ್ನು ಹಿಡಿಯುವ ಪಾತ್ರೆ ಪುಕ್ಕಟೆಯಲ್ಲ. ಇಲ್ಲಿಯವರೆಗೆ ನಿಮ್ಮ ತಪ್ಪೇನೂ ಇಲ್ಲ ಮಾನ್ಯರೇ. ನಿಮ್ಮ ತಪ್ಪು ಶುರುವಾಗುವುದು ಸಂಜೆ ಆರಕ್ಕೆ.

ಆರಕ್ಕೆ ನೀವು ಕಲ್ಲಿದ್ದಲಿನ ಕರೆಂಟನ್ನು ಯಂತ್ರಕ್ಕೆ ತಿರುಗಿಸುತ್ತೀರಿ. ಯಂತ್ರ ಹಗಲೂ ಇರುಳೂ ಓಡಿ ಕಿಲೋದ ಬೆಲೆ ಇಳಿಯುತ್ತದೆ. ಹಾಳೆ ‘ಸೂರ್ಯ’ ಎನ್ನುತ್ತದೆ, ಸರಕನ್ನು ಆ ದೇಶಗಳಿಗೆ ಒಯ್ಯುವ ಹಡಗು ‘ಹಸಿರು’ ಎನ್ನುತ್ತದೆ. ಹೀಗೆ ಜಲಜನಕ ಮಾಡುವಾಗ ಏಳುವ ಹೊಗೆ, ಹಳೆಯ ರೀತಿಯಲ್ಲಿ ನೈಸರ್ಗಿಕ ಅನಿಲದಿಂದ ಮಾಡುವಾಗ ಏಳುವುದಕ್ಕಿಂತಲೂ ಹೆಚ್ಚು. ಹೊಗೆ ನಮಗೆ, ಹೆಸರು ನಿಮಗೆ, ಸರಕು ಅವರಿಗೆ. ಇದಕ್ಕಿಂತ ನ್ಯಾಯವಾಗಿ ಪಾಲು ಹಂಚಿದವರನ್ನು ನಾನು ಕಂಡಿಲ್ಲ.

ಬೇರೆ ದಾರಿಯೇ ಇರಲಿಲ್ಲವೇ? ಸ್ಥಾವರದ ಹಿಂದಿನ ಗುಡ್ಡದ ಮೇಲೆ ಸಂಜೆಯ ಹೊತ್ತಿಗೇ ಗಾಳಿ ಏಳುತ್ತದೆ. ಅಲ್ಲಿ ಗಾಳಿಯಂತ್ರ ನಿಲ್ಲಿಸಿ, ತಯಾರಾದದ್ದನ್ನು ನಮ್ಮದೇ ಗೊಬ್ಬರದ ಕಾರ್ಖಾನೆಗೆ ಕೊಟ್ಟರೆ ಹಡಗಿನ ಖರ್ಚೂ ಉಳಿಯುತ್ತದೆ ಎಂದು ನನ್ನವರು ಎರಡು ಪುಟ ಬರೆದು ಕಳಿಸಿದ್ದರು. ಅದು ವಾಪಸು ಬಂತು, ಅಂಚಿನಲ್ಲಿ ನಿಮ್ಮ ಕೈಬರಹದೊಂದಿಗೆ: ‘ಆಪರೇಟರ್ ಹುದ್ದೆಗೆ ಅಭಿಪ್ರಾಯ ಮಂಜೂರಾಗಿಲ್ಲ.’

ಇನ್ನು, ಆರಕ್ಕೆ ನಿಮಗೆ ಬರುವ ಕರೆಂಟು ಎಲ್ಲಿಂದಲೋ ಹೋಗಬೇಕಲ್ಲ? ಅದು ನಮ್ಮತ್ತೆಯ ಬೀದಿಯಿಂದ ಹೋಗುತ್ತದೆ. ಅತ್ತೆ ದರ್ಜಿ, ಶಾಲೆಯ ಯೂನಿಫಾರಂ ಹೊಲಿಯುತ್ತಾರೆ. ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಿಕೊಂಡಿದ್ದಾರೆ, ಮೊಣಕಾಲು ಸೋತಿದೆಯೆಂದು. ಮದುವೆಗೆ ಮೂರು ವಾರ ಮೊದಲು, ಒಂದು ಸಂಜೆ ಕರೆಂಟು ಹೋಯಿತು. ಅವರು ಮೋಟಾರಿನ ಪೆಡಲಿನಿಂದ ಕಾಲು ತೆಗೆಯದೆ, ಕತ್ತಲಲ್ಲೇ ಬಟ್ಟೆಯ ಅಂಚನ್ನು ಬೆರಳಿನಿಂದ ತಡಕಾಡುತ್ತಿದ್ದರು. ಕರೆಂಟು ತಟ್ಟನೆ ಬಂತು. ಸೂಜಿ ಉಗುರಿನ ಮೇಲಿಂದ ಹೊಕ್ಕು ಬೆರಳಿನಡಿ ಹೊರಬಂತು. ಪಕ್ಕದ ಅಂಗಡಿಯವನು ಚಕ್ರವನ್ನು ಕೈಯಲ್ಲಿ ತಿರುಗಿಸಿ ಸೂಜಿಯನ್ನು ಮೇಲೆತ್ತಿದನಂತೆ, ಮೆಲ್ಲಗೆ.

ಮರುದಿನ ಸಂಜೆ ಏಳು ಗಂಟೆಗೆ ನನ್ನವರು ಆ ಸಾಲಿನಲ್ಲಿ ಬರೆದದ್ದು ಪೂರ್ತಿಯಾಗಿ ಹೀಗಿದೆ: ‘ಕಲ್ಲಿದ್ದಲು. ನಮ್ಮ ಬೀದಿಯ ಕರೆಂಟು.’ ಎರಡನೆಯ ವಾಕ್ಯವನ್ನು ನಿಮ್ಮ ನೋಟಿಸು ಏಕೋ ನುಂಗಿಕೊಂಡಿದೆ.

ಆ ಹಾಳೆ ಮಾಡಿದವಳು ನಾನೇ ಎಂದು ಅತ್ತೆಯೆದುರು ಒಪ್ಪಿಕೊಂಡು ಅತ್ತುಬಿಟ್ಟೆ. ಅವರು ಬಟ್ಟೆ ಸುತ್ತಿದ ಬೆರಳಿನಿಂದಲೇ ನನ್ನ ಗಲ್ಲ ಎತ್ತಿದರು. “ಅಳಬೇಡ ಕಣೇ, ಬೆರಳು ಇನ್ನೂ ಒಂಬತ್ತಿವೆ. ಆದ್ರೂ ಇಪ್ಪತ್ತನಾಲ್ಕು ಸೂರ್ಯರನ್ನ ಮಾಡಿದವಳಿಗೆ ಅತ್ತೆ ಮನೆಗೆ ಅಂತ ಒಂದು ಬಲ್ಬು ಉಳಿಸೋಕೆ ಆಗ್ಲಿಲ್ವಾ?” ಎಂದರು. ನಿಮ್ಮ ನೋಟಿಸಿಗಿಂತ ಇದು ಹೆಚ್ಚು ಚುಚ್ಚಿತು.

ನೋಟಿಸು ತಂದವರು ನಿಮ್ಮ ಅಟೆಂಡರಣ್ಣ. ಉಡುಗೊರೆಯೆಂದುಕೊಂಡು ನಗುನಗುತ್ತ ಎರಡೂ ಕೈ ಚಾಚಿದೆ. “ಇದಕ್ಕೆ ಸಹಿ ಹಾಕಿ ಇಸ್ಕೋಬೇಕು ತಂಗೀ” ಎಂದು ಅವರು ನೆಲ ನೋಡಿದರು. ಅವರಿಗೂ ನಾಚಿಕೆ ಇದೆ, ಹುಷಾರಾಗಿರಿ, ಹರಡುತ್ತಿದೆ.

ಈಗ ಬೇಡಿಕೆ. ಅಮಾನತನ್ನು ರದ್ದುಮಾಡಿ. ಕರೆಂಟಿನ ಮೂಲದ ಅಂಕಣವನ್ನು ಖಾಲಿ ಬಿಟ್ಟು ಮುದ್ರಿಸಿ, ಯಂತ್ರದ ಮುಂದೆ ನಿಂತವರು ಕಂಡದ್ದನ್ನು ಬರೆಯಲಿ. ದುಬಾರಿಯಾದದ್ದನ್ನು ದುಬಾರಿ ಎಂದು ಹೇಳಿ. ಬಡದೇಶಕ್ಕೆ ಅದರಿಂದ ಮಾನ ಹೋಗುವುದಿಲ್ಲ.

ಇಲ್ಲವೆಂದರೆ ವಿಚಾರಣೆ ಇದ್ದೇ ಇದೆ. ನನ್ನವರು ಒಬ್ಬರೇ ಬರಬೇಕೆಂದು ನಿಮ್ಮ ಕಚೇರಿ ಫೋನಿನಲ್ಲಿ ಹೇಳಿತು. ಆದರೆ ಆಪಾದಿತ ನೌಕರ ತನ್ನ ಪರವಾಗಿ ಮಾತಾಡಲು ನಿಗಮದ ಒಬ್ಬ ಸಹೋದ್ಯೋಗಿಯನ್ನು ಕರೆತರಬಹುದು ಎಂದು ನಿಯಮಪುಸ್ತಕದಲ್ಲಿದೆ. ಸ್ಥಾವರದಲ್ಲಿ ಕೇಳಿದೆವು, ಒಬ್ಬರಿಗೆ ಜ್ವರ, ಒಬ್ಬರಿಗೆ ಮಕ್ಕಳ ಪರೀಕ್ಷೆ, ಎಲ್ಲರಿಗೂ ನೀವು. ನಾನೂ ನಿಗಮದ ನೌಕರಳೇ ತಾನೆ? ಸಹೋದ್ಯೋಗಿ ಹೆಂಡತಿಯಾಗಿರಬಾರದೆಂದು ಎಲ್ಲೂ ಬರೆದಿಲ್ಲ. ಈಗ ಬರೆಯಿಸೋಣವೆಂದರೆ ಅದನ್ನು ಟೈಪ್ ಮಾಡಬೇಕಾದವಳು ನಾನು, ಮತ್ತು ನಾನು ರಜೆಯಲ್ಲಿದ್ದೇನೆ. ಎರಡು ಕುರ್ಚಿ ಹಾಕಿಸಿಡಿ. ಬರುವ ಗುರುವಾರ, ಒಂಬತ್ತೂ ಹತ್ತಕ್ಕೆ ನಿಲ್ಲುವ ಬೆಳಗಿನ ಪ್ಯಾಸೆಂಜರ್ ಗಾಡಿಗೆ ಬಂದಿಳಿಯುತ್ತೇವೆ.

ಇಂತಿ,
ಮದುವೆಯ ರಜೆ ಇನ್ನೂ ಆರು ದಿನ ಉಳಿದಿರುವ, ಕೆಲಸ ಉಳಿಯುವುದು ಅನುಮಾನವಿರುವ,
ನಿಮ್ಮ ನಮೂನೆ ವಿಭಾಗದ ಟೈಪಿಸ್ಟ್