ಜಯಶೀಲರ ಚೀಟಿ

ನ್ಯೂ ಟೌನ್, ಭದ್ರಾವತಿ
ಜನವರಿ 2

ಪಾಸ್ಟರ್ ಅಯ್ಯನವರಿಗೆ ವಂದನೆಗಳು.

ಮೀನಿಗೆಂದು ಭದ್ರಾ ಹೊಳೆಗೆ ಹೋದ ನಮ್ಮ ಯಜಮಾನರು ವಾಪಸ್ ಬಾರದೆ ಒಂಬತ್ತು ವರ್ಷವಾಯ್ತು. ಪ್ರತಿ ಹೊಸ ವರ್ಷದ ಆರಾಧನೆಯಲ್ಲಿ ವರ್ಷಕ್ಕೊಂದು ಬೈಬಲ್ ವಚನ ಬರುವ ವಾಗ್ದಾನದ ಚೀಟಿಯನ್ನು ಅವರ ಹೆಸರಲ್ಲೂ ನಾನೇ ಎತ್ತುತ್ತಿದ್ದೆ. ಪ್ರತಿ ಸಲವೂ ಪ್ರವಾದಿ ಹಬಕ್ಕೂಕನ ಮಾತೇ ಬರುತ್ತಿತ್ತು, ತಡವಾದರೂ ಕಾಯಬೇಕು ಅಂತ. ದೇವರ ಸಮಯ ಅಂತ ಕಾದೆ.

ನಿನ್ನೆ ನಾನು ಅವರ ಚೀಟಿಗೆಂದು ತಟ್ಟೆಗೆ ಕೈ ಹಾಕಿದಾಗ, "ಜಯಶೀಲರು ಈಗಷ್ಟೇ ಬಂದು ತಗೊಂಡ್ರಲ್ಲಮ್ಮ" ಅಂದಿರಿ. ನೀವು ಈ ಸಭೆಗೆ ಬಂದಿದ್ದೇ ಹೋದ ವರ್ಷ. ಅವರ ಮುಖವನ್ನೇ ಕಂಡವರಲ್ಲ.

ಮನೆಗೆ ಬಂದು ಬೀಗ ತೆಗೆದೆ. ಅವರ ಚೀಟಿ ಮನೆಯಲ್ಲೇ ಬಿಟ್ಟುಹೋಗಿದ್ದ ನನ್ನ ಬೈಬಲಿನೊಳಗಿತ್ತು, ಪೂರ್ತಿ ಒದ್ದೆಯಾಗಿ. ಅದೇ ಮಾತು, ಆದರೆ ಕಾಯಬೇಕು ಅನ್ನೋ ಕಡೆ ಮಾತ್ರ ಶಾಯಿ ತೊಳೆದುಹೋಗಿತ್ತು.

ಹೆದರಿಕೆಯಿಲ್ಲ ಅಂದರೆ ಸುಳ್ಳು. ಆದರೂ ಭಾನುವಾರದ ಪ್ರೀತಿಭೋಜನಕ್ಕೆ ನಮ್ಮ ಮನೆಯಿಂದ ಇಬ್ಬರು ಅಂತ ಬರೆದುಕೊಳ್ಳಿ.

ನಿಮ್ಮ ಸಭೆಯ
ಸುಗಂಧಿ ಜಯಶೀಲ