ಹಿಂದೆ ಹೋಗೋ, ಹಿಂದೆ!

ಮಿನಾಸೆ ಬಂದರು,
8 ಸೆಪ್ಟೆಂಬರ್ 1986, ಸೋಮವಾರ

ಕಡಲ ಮೇಲಿರುವ ನಮ್ಮನೆಯವರಿಗೆ ದಡದ ಮೇಲಿರುವ ಕಿನುಯೋಳ ಪ್ರೀತಿಯ ನಮಸ್ಕಾರ.

ನಿಮ್ಮ ಎಡ ಮೊಣಕಾಲು ಹೇಗಿದೆ? ಎಂಜಿನ್ ಕೋಣೆಯ ಏಣಿ ಹತ್ತಿಳಿಯುವಾಗ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀರಾ, ಇಲ್ಲ ಅದನ್ನೂ ಯಂತ್ರ ಒರೆಸುವ ಬಟ್ಟೆ ಮಾಡಿಕೊಂಡಿರಾ? ಹುಳಿ ಪ್ಲಮ್ಮಿನ ಉಪ್ಪಿನಕಾಯಿ ಮುಗಿದಿರಬೇಕು. ಹಡಗಿನ ಅಡುಗೆಯವನು ಐದು ತಿಂಗಳಲ್ಲಿ ಅನ್ನ ಬೇಯಿಸುವುದನ್ನಾದರೂ ಕಲಿತಿದ್ದರೆ ಅವನಿಗೆ ನನ್ನ ಅಭಿನಂದನೆ ಹೇಳಿ. ಇಲ್ಲಿ ಬಿಸಿಲು ಇಳಿದಿದೆ, ಸಂಜೆಯಾದರೆ, ಊರೆಲ್ಲ ಕಾಸು ಕೊಟ್ಟು ಮೀಯುವ ನಮ್ಮ ಸ್ನಾನದಮನೆಯ ಹಿಂದಿನ ಹುಲ್ಲಿನಲ್ಲಿ ಹುಳುಗಳು ಕೂಗಲು ಶುರುಮಾಡಿವೆ. ನನ್ನ ರಕ್ತದೊತ್ತಡ ಸ್ವಲ್ಪ ಇಳಿದಿದೆ ಎಂದು ಡಾಕ್ಟರು ಹೇಳಿದರು. ನನ್ನ ಬಾಯಿ ಮಾತ್ರ ಇಳಿದಿಲ್ಲ ಎಂದೂ ಅವರೇ ಹೇಳಿದರು.

ಕೇಪ್ ಟೌನಿನಿಂದ ನೀವು ಬರೆದ ಕಾಗದ ಹೋದ ತಿಂಗಳು ಇಪ್ಪತ್ತಕ್ಕೆ ಬಂತು. ಒಟ್ಟು ಒಂಬತ್ತು ಸಾಲು. ಐದು ಸಾಲು ಎಂಜಿನ್ನಿನ ಬಗ್ಗೆ, ಎರಡು ಸಾಲು ಟೂನಾ ಮೀನಿನ ಬಗ್ಗೆ. ಉಳಿದ ಎರಡು ಸಾಲು ಇವು: "ನವೆಂಬರಿನಲ್ಲಿ ಇಳಿಯುವುದಿಲ್ಲ, ಇನ್ನೊಂದು ವರ್ಷದ ಕರಾರಿಗೆ ರುಜು ಹಾಕೋಣ ಅಂತ ಇದ್ದೇನೆ. ಆ ಹುಡುಗ ಹೇಗಿದ್ದಾನೆ?" ಇದೇ ಕೊನೆಯ ಪಯಣ ಎಂದು ದೇವರ ಮುಂದೆ ಹೇಳಿ ಹೋದ ಮನುಷ್ಯ, ಬರುವ ಜನವರಿಗೆ ಅರವತ್ತು ತುಂಬುವವರು, ಹೆಂಡತಿ ಹೇಗಿದ್ದಾಳೆ ಎಂದು ಕೇಳಲಿಲ್ಲ, ಹುಡುಗ ಹೇಗಿದ್ದಾನೆ ಎಂದು ಕೇಳಿದಿರಿ. ನನಗೆ ಸಿಟ್ಟು ಬರಲಿಲ್ಲ. ಆವತ್ತು ಒಂದು ಮರದ ಬಕೆಟ್ಟು ಒಡೆಯಿತು, ಅದು ಹಳೆಯದಾಗಿತ್ತು. ನೀವು ಯಾಕೆ ಇಳಿಯುವುದಿಲ್ಲ ಎಂದು ನನಗೆ ಗೊತ್ತು. ಬೇಸ್‌ಬಾಲ್ ಮೈದಾನದ ಬಲಗಡೆಯ ಗ್ಯಾಲರಿಯಲ್ಲಿ ಮತ್ತೆ ಹೋಗಿ ಕೂರುವ ಮುಖ ನಿಮಗಿಲ್ಲ, ಅಷ್ಟೇ. ಹಡಗಿನ ಮಾಲೀಕರು ಅಕ್ಟೋಬರ್ ಮೊದಲ ವಾರ ರುಜು ಹಾಕಿಸಿಕೊಳ್ಳುತ್ತಾರಂತೆ. ಅದಕ್ಕೇ ಈ ಕಾಗದ ವಿಮಾನದಲ್ಲಿ ಬರುತ್ತಿದೆ.

ಏಪ್ರಿಲ್ ಐದರ ಸಂಜೆಯನ್ನು ನಿಮಗೆ ನೆನಪಿಸಬೇಕಾಗಿಲ್ಲ. ಆದರೂ ನೆನಪಿಸುತ್ತೇನೆ, ಯಾಕೆಂದರೆ ಇಷ್ಟು ದಿನ ನೀವೊಬ್ಬರೇ ಅದನ್ನು ಉಜ್ಜಿ ಉಜ್ಜಿ ಅದರ ಬಣ್ಣವನ್ನೇ ಕೆಡಿಸಿರುತ್ತೀರಿ. ವರ್ಷದ ಮೊದಲ ಆಟ, ದೀಪ ಹತ್ತಿಸಿದ್ದರು. ನಮ್ಮ ಕಾಮೋಮೆ ತಂಡ ಒಂದು ರನ್ನಿನಿಂದ ಮುಂದೆ, ಎದುರಾಳಿಗಳದು ಕೊನೆಯ ಸರದಿ, ಇಬ್ಬರು ಔಟಾಗಿದ್ದರು, ಇನ್ನೊಬ್ಬ ಔಟಾದರೆ ಆಟ ನಮ್ಮದು. ಚೆಂಡು ಎತ್ತರಕ್ಕೆ ಎದ್ದು ಬಲಗಡೆಗೆ, ನಮ್ಮ ಗ್ಯಾಲರಿಯ ಕಡೆಗೇ ಬಂತು. ಅಲ್ಲಿ ನಮಗೆ ಬೆನ್ನು ಹಾಕಿ ನಿಂತಿದ್ದವನು ಹತ್ತೊಂಬತ್ತು ವರ್ಷದ ಕುಶಿದಾ. ಹೋದ ಶರತ್ಕಾಲದಲ್ಲಿ ಇಪ್ಪತ್ತು ಆಟ ಆಡಿ ಒಂದು ಚೆಂಡನ್ನೂ ನೆಲಕ್ಕೆ ಬಿಡದಿದ್ದ ಹುಡುಗ. ಗೆದ್ದೆವು ಅಂದುಕೊಂಡು ನೀವು ಸಾಕೆ ಮದ್ಯದ ಲೋಟ ಎತ್ತಿಯೇ ಬಿಟ್ಟಿದ್ದಿರಿ. ಚೆಂಡು ಅವನ ಬೆನ್ನ ಹಿಂದೆ ಎರಡು ಮಾರು ದೂರದಲ್ಲಿ ಬಿತ್ತು. ಎರಡು ರನ್ ಹೋಯಿತು, ಆಟ ಹೋಯಿತು. ಆಗ ಎದ್ದಿತು ನಿಮ್ಮ ಗಂಟಲು, ಎಂಜಿನ್ನಿನ ಸದ್ದಿನ ಮೇಲೆ ಮಾತಾಡಿ ಪಳಗಿದ ಗಂಟಲು: "ಏ ಕುಶಿದಾ! ಅದೇನು ಗ್ಲೌಸೋ ಜರಡಿಯೋ? ನಿಮ್ಮಮ್ಮನ ಹತ್ರ ಹೋಗೋ! ತುತ್ತು ಕೊಟ್ರೆ ಬಾಯಲ್ಲಾದ್ರೂ ಹಿಡೀತೀಯಾ ನೋಡ್ಲಿ!" ಇಡೀ ಗ್ಯಾಲರಿ ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಮಾರನೇ ದಿನ ಬೆಳಿಗ್ಗೆ ಹಡಗುಕಟ್ಟೆಯಲ್ಲಿ ನಿಮಗೆ ಅನ್ನದುಂಡೆ ಸುತ್ತಿಕೊಟ್ಟ ಪತ್ರಿಕೆಯಲ್ಲೇ ಅದು ಅಚ್ಚಾಗಿತ್ತು: ಕುಶಿದಾನ ತಾಯಿ ಜನವರಿಯಲ್ಲಿ ತೀರಿಕೊಂಡಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದನ್ನು ಓದಿ ನೀವು ಹಡಗು ಹತ್ತಿದಿರಿ, ಅನ್ನದುಂಡೆಯನ್ನು ಕಟ್ಟೆಯ ಮೇಲೇ ಬಿಟ್ಟು.

ನೀವು ಹೋದ ಮೇಲೆ ಇಲ್ಲಿ ನಡೆದದ್ದನ್ನು ನಾನು ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದೂ ಆಗಿರಲಿಲ್ಲ. ಚಾಪೆ ಹೆಣೆಯುವ ಗೊಂದಾ, ನಿಮ್ಮ ಜಾಗದಲ್ಲಿ ಈಗ ಅವನೇ ಗ್ಯಾಲರಿಯ ಯಜಮಾನ, ನಮ್ಮ ಸ್ನಾನದಮನೆಯ ಬಟ್ಟೆ ಬಿಚ್ಚುವ ಕೋಣೆಯಲ್ಲೇ ಸಭೆ ಕರೆದ. ಸೊಂಟಕ್ಕೊಂದು ಟವೆಲು ಸುತ್ತಿಕೊಂಡು ಭಾಷಣ. "ನೋಡ್ರಪ್ಪಾ, ತಾಯಿ ಇಲ್ಲದ ಹುಡುಗ. ಇನ್ಮೇಲೆ ಚೆಂಡು ಅವನ ಕಡೆ ಹೋದ್ರೆ ಡೋಲು ನಿಲ್ಲಬೇಕು, ತುತ್ತೂರಿ ನಿಲ್ಲಬೇಕು, ಯಾರೂ ತುಟಿ ಪಿಟಕ್ ಅನ್ನಬಾರದು. ಅವನಿಗೆ ನೆಮ್ಮದಿ ಬೇಕು." ಎಲ್ಲರೂ ಒಪ್ಪಿದರು. ಒತೊಮೆ ಅಜ್ಜಿಯೊಬ್ಬಳೇ ಹೆಂಗಸರ ಕಡೆಯಿಂದ ಗೋಡೆ ತಟ್ಟಿ, "ಬೇಸ್‌ಬಾಲಿಗೆ ಬರ್ತೀವೋ ಹೆಣ ಕಾಯೋಕೆ ಬರ್ತೀವೋ?" ಎಂದು ಕೂಗಿದಳು. ಎಂಬತ್ತಾಯಿತಲ್ಲ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಏನಾಯಿತು ಗೊತ್ತಾ? ಚೆಂಡು ಬಲಗಡೆಗೆ ಎದ್ದರೆ ಸಾಕು, ಮೂರು ಸಾವಿರ ಜನ ಒಟ್ಟಿಗೆ ಉಸಿರು ಹಿಡಿಯುತ್ತಿದ್ದರು. ಹುಡುಗ ಮೇ ತಿಂಗಳಲ್ಲಿ ಎರಡು ಬಿಟ್ಟ, ಜೂನ್‌ನಲ್ಲಿ ಒಂದು ಅವನ ಹೆಗಲಿಗೇ ಬಡಿಯಿತು. ಎಲ್ಲವೂ ಸಂಜೆಯ ಆಟಗಳಲ್ಲೇ. ನಾವು ಇನ್ನೂ ಸುಮ್ಮನಾದೆವು, ಅವನು ಇನ್ನೂ ಕೆಟ್ಟ. ಕೊನೆಗೆ ಅವನನ್ನು ಎರಡನೇ ತಂಡಕ್ಕೆ ಕಳಿಸಿದರು. ಆ ರಾತ್ರಿ ನಾನು ನಿಮಗೆ "ಹುಡುಗ ಚೆನ್ನಾಗಿದ್ದಾನೆ" ಎಂದು ಬರೆದೆ. ಕ್ಷಮಿಸಿ, ಅದೊಂದು ಸುಳ್ಳು.

ಈಗ ಪರದೆಗಳ ಕಥೆ ಕೇಳಿ. ನಮ್ಮ ಮದುವೆಯಾದಾಗಿನಿಂದ ಬಾಗಿಲಲ್ಲಿ ತೂಗುತ್ತಿದ್ದ ಎರಡು ಪರದೆ, ಗಂಡಸರಿಗೆ ನೀಲಿ, ಹೆಂಗಸರಿಗೆ ಕೆಂಪು, ಹೋದ ತಿಂಗಳ ಬಿರುಗಾಳಿಗೆ ಹರಿದೇ ಹೋದವು. ಹೊಸದು ಮಾಡಿಸುವಾಗ ಬಣ್ಣ ಹಾಕುವವನು, "ಈಗ ಎರಡೂ ನೀಲಿನೇ ಫ್ಯಾಷನ್ನು ಅಕ್ಕಾ, ಅಕ್ಷರ ದೊಡ್ಡದಾಗಿ ಬರೀತೀನಿ" ಎಂದ. ಮೊಳದುದ್ದದ ಅಕ್ಷರ ರೀ, ಹಾದಿಯ ಆ ಕಡೆಯಿಂದಲೂ ಓದಬಹುದು. ಎರಡನೇ ತಂಡದ ಹುಡುಗರ ಹಾಸ್ಟೆಲ್ಲಿನ ಬಾಯ್ಲರು ಕೆಟ್ಟಿದ್ದರಿಂದ ಅವರೆಲ್ಲ ನಮ್ಮಲ್ಲಿಗೇ ಬರುತ್ತಿದ್ದರು. ಹೊಸ ಪರದೆ ಕಟ್ಟಿದ ದಿನ ಮಧ್ಯಾಹ್ನ ಬಾಗಿಲು ತೆಗೆದ ಹೊತ್ತಿಗೆ ಕುಶಿದಾ ಒಬ್ಬನೇ ಬಂದ, ತಲೆ ತಗ್ಗಿಸಿಕೊಂಡು ನೇರ ಹೆಂಗಸರ ಕಡೆಗೆ ನುಗ್ಗಿದ. ಒಳಗೆ ಒತೊಮೆ ಅಜ್ಜಿ ಕಾಲು ಉಜ್ಜಿಕೊಳ್ಳುತ್ತಿದ್ದಳು. "ಅಯ್ಯೋ ಮುಂಡೇಗಂಡಾ! ಎಂಬತ್ತು ವರ್ಷದಲ್ಲಿ ಒಬ್ಬ ಬಂದ, ಅವನೂ ಕ್ಯಾಚ್ ಬಿಡೋನು!" ಎಂದು ಬಕೆಟ್ಟು ಎಸೆದಳು. ಅದೂ ಅವನ ಕೈಗೆ ಸಿಗಲಿಲ್ಲ, ಎದೆಗೆ ಬಿತ್ತು. ಹುಡುಗ ಕೆಂಪಾಗಿ, ಸೊಂಟ ಬಗ್ಗಿಸಿ, "ತಪ್ಪಾಯ್ತು ಅಜ್ಜಿ, ತಪ್ಪಾಯ್ತು ಅಜ್ಜಿ" ಎಂದು ಬೇಡಿಕೊಂಡ. ಸೊಂಟ ಬಗ್ಗಿಸಿದ್ದು ಅಜ್ಜಿಗಲ್ಲ, ಮೂಲೆಯಲ್ಲಿದ್ದ ತೂಕದ ಯಂತ್ರಕ್ಕೆ.

ಎರಡೂ ಕಡೆ ಕಾಣುವ ನನ್ನ ಎತ್ತರದ ಗಲ್ಲಾಪೀಠದಲ್ಲಿ ಕೂತು ಹತ್ತಿರಹತ್ತಿರ ನಲವತ್ತು ವರ್ಷ ಊರಿನ ಬೆನ್ನುಗಳನ್ನೆಲ್ಲ ನೋಡಿದವಳು ನಾನು. ಆದರೂ ನನಗೆ ಹೊಳೆದದ್ದು ಆಗಲೇ. ಅವನನ್ನು ಹೊರಗೆ ಕೂರಿಸಿ ಹಾಲು ಕೊಟ್ಟು, "ಗಡಿಯಾರದಲ್ಲಿ ಎಷ್ಟು ಗಂಟೆ ನೋಡೋ" ಎಂದೆ. ನಾಲ್ಕು ಹತ್ತು ಆಗಿತ್ತು, ಮೂರೂವರೆ ಎಂದ. ಎರಡು ಬೆರಳು ತೋರಿಸಿದೆ, ಸುಮ್ಮನೆ ಅತ್ತುಬಿಟ್ಟ. ಎರಡು ವರ್ಷದಿಂದ ಹೀಗಂತೆ. ಬಿಸಿಲಲ್ಲಿ ಹೇಗೋ ಕಾಣುತ್ತದಂತೆ, ದೀಪದ ಬೆಳಕಿನಲ್ಲಿ ಚೆಂಡು ಎದ್ದ ಮೇಲೆ ಮಾಯವಂತೆ. ತಂಡದವರು ಕಣ್ಣು ಪರೀಕ್ಷೆ ಮಾಡಿಸಿದಾಗ ಸಾಲಿನಲ್ಲಿ ಮುಂದೆ ನಿಂತವನು ಓದಿದ್ದನ್ನು ಬಾಯಿಪಾಠ ಮಾಡಿ ಒಪ್ಪಿಸಿದನಂತೆ. "ಹೇಳಿದ್ರೆ ಊರಿಗೆ ಕಳಿಸ್ತಾರೆ ಅಮ್ಮಾ. ಊರಲ್ಲಿ ಈಗ ಯಾರೂ ಇಲ್ಲ" ಎಂದ. ಗಲ್ಲಾಪೀಠವನ್ನು ಒತೊಮೆ ಅಜ್ಜಿಗೆ ಒಪ್ಪಿಸಿ, ಏಪ್ರನ್ನಿನಲ್ಲೇ ಅವನ ಕೈ ಹಿಡಿದು ಕನ್ನಡಕದಂಗಡಿಗೆ ಎಳೆದುಕೊಂಡು ಹೋದೆ. ಮೂರು ದಿನದ ಮೇಲೆ ಕನ್ನಡಕ ಬಂತು. ಹಾಕಿಕೊಂಡವನೇ ನನ್ನ ಮುಖ ನೋಡಿ, "ಅಯ್ಯೋ ಅಮ್ಮಾ, ಅದು ಮಚ್ಚೇನಾ? ಗಲ್ಲಕ್ಕೆ ಕಡಲಪಾಚಿ ಅಂಟಿದೆ ಅಂದ್ಕೊಂಡಿದ್ದೆ, ಹೇಳೋಕೆ ನಾಚಿಕೆ ಆಗಿತ್ತು" ಎಂದ. ಮೂವತ್ತೆಂಟು ವರ್ಷದಲ್ಲಿ ನೀವು ಆ ಮಚ್ಚೆಯ ಬಗ್ಗೆ ಒಂದು ಮಾತಾಡಿಲ್ಲ. ಮಾರನೇ ದಿನ ಅವನೇ ಹೋಗಿ ತರಬೇತುದಾರನಿಗೆ ಎಲ್ಲ ಹೇಳಿದ. ಬೈದರಂತೆ, ಕಳಿಸಲಿಲ್ಲವಂತೆ.

ನಿನ್ನೆ ಅವನನ್ನು ಮತ್ತೆ ಮೊದಲನೇ ತಂಡದಲ್ಲಿ ಇಳಿಸಿದರು. ಸಂಜೆಯ ಆಟ. ನಮ್ಮವರು ಪಟ್ಟಿಯಲ್ಲಿ ಐದನೆಯವರು, ಆರನೆಯವರ ಜೊತೆ ಆಟ, ಆದರೂ ಗ್ಯಾಲರಿ ತುಂಬಿತ್ತು, ಅದೇನು ಹುಚ್ಚೋ ನಮ್ಮೂರಿಗೆ. ಕನ್ನಡಕಕ್ಕೆ ಹಿಂದಿನಿಂದ ಲಾಡಿಪಟ್ಟಿ ಕಟ್ಟಿಕೊಂಡು ಕುಶಿದಾ ಬಂದು ನಿಂತ. ಎಂಟನೇ ಸರದಿಯಲ್ಲಿ ಚೆಂಡು ಅದೇ ರೀತಿ ಎದ್ದಿತು, ಅದೇ ಕಡೆಗೆ ಬಂತು. ಗೊಂದಾ ಕೈ ಎತ್ತಿದ, ಡೋಲು ನಿಂತಿತು, ಮೂರು ಸಾವಿರ ಜನ ಉಸಿರು ಹಿಡಿದರು. ಆ ಮೌನ ನನಗೆ ಸಹಿಸಲಾಗಲಿಲ್ಲ ರೀ. ಏನು ಮಾಡುತ್ತಿದ್ದೇನೆಂದು ಗೊತ್ತಾಗುವ ಮೊದಲೇ ನಿಮ್ಮ ಬೆಂಚಿನ ಮೇಲೆ ಹತ್ತಿ ನಿಂತಿದ್ದೆ, ನೀವು ಪ್ರತಿ ಚೆಂಡಿಗೂ ಕೂಗುತ್ತಿದ್ದ ಮಾತನ್ನೇ ಕೂಗಿದ್ದೆ: "ಹಿಂದೆ ಹೋಗೋ, ಹಿಂದೆ!" ಹುಡುಗ ತಿರುಗಿ ಓಡಿದ, ಗೋಡೆಗೆ ಬೆನ್ನು ತಾಗಿಸಿ ನೆಗೆದ, ಹಿಡಿದ. ಆಮೇಲೆ ಒತೊಮೆ ಅಜ್ಜಿ, "ಹೆಂಗಸರ ಬಚ್ಚಲು ಬಿಟ್ಟು ಇಲ್ಲಿಗೆ ಬಂದ್ಯೇನೋ ಕಳ್ಳಾ!" ಎಂದು ಕಿರುಚಿದಳು ನೋಡಿ, ಗ್ಯಾಲರಿಗೆ ಗ್ಯಾಲರಿಯೇ ಬಿದ್ದು ಬಿದ್ದು ನಕ್ಕಿತು. ಹುಡುಗ ಟೋಪಿ ತೆಗೆದು ನಮ್ಮ ಕಡೆಗೆ ಬಾಗಿದ. ಈ ಸಲ ತೂಕದ ಯಂತ್ರಕ್ಕಲ್ಲ, ಅಜ್ಜಿಗೇ. ಮನೆಗೆ ಬಂದು ಒಬ್ಬಳೇ ಕೂತು ಅತ್ತೆ, ನಕ್ಕೆ, ನಿಮ್ಮ ಲೋಟದಲ್ಲಿ ಸಾಕೆ ಕುಡಿದೆ. ಹಾಂ, ಎರಡು ರನ್ನಿನಿಂದ ಗೆದ್ದೆವು.

ಗೊಂದಾ ನಿಮಗೆ ನಮಸ್ಕಾರ ಹೇಳಿದ್ದಾನೆ, ನಿಮ್ಮ ಡೋಲಿಗೆ ಹೊಸ ಚರ್ಮ ಹಾಕಿಸಿದ್ದಾನಂತೆ. ಒತೊಮೆ ಅಜ್ಜಿ ಆಶೀರ್ವಾದ ಹೇಳಿದ್ದಾಳೆ. ಕಡಲದೇವರ ಗುಡಿಯ ತಾಯತ ಇದರೊಳಗಿದೆ, ಮೊಣಕಾಲಿಗಲ್ಲ, ಕೊರಳಿಗೆ ಕಟ್ಟಿಕೊಳ್ಳಿ. ಗಾಳಿ ನಿಮ್ಮ ಕಡೆ ಇರಲಿ, ಹೊಟ್ಟೆ ತಣ್ಣಗಿರಲಿ.

ನಿಮ್ಮ,
ಕಿನುಯೋ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಕುಶಿದಾ ಸ್ನಾನಕ್ಕೆ ಬಂದ, ಸರಿಯಾದ ಬಾಗಿಲಲ್ಲೇ. ಇಷ್ಟು ದಿನ ನನಗೆ ಹೊಳೆಯದ ಪ್ರಶ್ನೆ ಈಗ ಕೇಳಿದೆ: ಕಣ್ಣೇ ಕಾಣದಿದ್ದರೆ ಹೋದ ವರ್ಷ ಒಂದನ್ನೂ ಬಿಡದೆ ಹೇಗೆ ಹಿಡೀತಿದ್ದೆಯೋ? ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಗ್ಯಾಲರೀಲಿ ಒಬ್ರು ಮಾಮ ಇದ್ರಲ್ಲಮ್ಮಾ, ದೊಡ್ಡ ಗಂಟಲು. ಚೆಂಡು ಎದ್ದ ತಕ್ಷಣ ಹಿಂದೆ ಹೋಗೋ ಅಂತಲೋ ಮುಂದೆ ಬಾರೋ ಅಂತಲೋ ಕೂಗೋರು. ಅವರ ಮಾತು ಹಿಡ್ಕೊಂಡೇ ನಾನು ಓಡ್ತಿದ್ದೆ. ಒಂದು ಸಲಾನೂ ತಪ್ಪು ಹೇಳಿಲ್ಲ ಅವರು. ಮೊದಲ ಆಟದ ದಿನ ಯಾಕೋ ಕೂಗ್ಲೇ ಇಲ್ಲ, ಚೆಂಡು ಬಿದ್ದ ಮೇಲೆ ಬೈದ್ರು ಅಷ್ಟೆ. ಆಮೇಲೆ ಬರ್ಲೇ ಇಲ್ಲ. ಹುಷಾರಾಗಿದ್ದಾರಾ?" "ಅವರು ನನ್ನ ಗಂಡ, ನಿಮ್ಮಮ್ಮನ ವಿಷಯ ಗೊತ್ತಿಲ್ಲದೆ ಹಾಗಂದು ಕೊರಗುತ್ತಿದ್ದಾರೆ" ಎಂದೆ. ಹುಡುಗ ನಕ್ಕುಬಿಟ್ಟ: "ನಮ್ಮಮ್ಮ ಅದಕ್ಕಿಂತ ಜೋರಾಗಿ ಬೈತಿದ್ಲು. ಆವತ್ತು ಮನೇಲಿದ್ದ ಹಾಗೆ ಆಯ್ತು." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಮಹಾರಾಯರೇ, ನೀವು ತಪ್ಪು ಹೆಗಲು ಮುಟ್ಟಿಕೊಂಡಿದ್ದೀರಿ. ನಿಮ್ಮ ತಪ್ಪು ಆವತ್ತು ಕೂಗಿದ್ದಲ್ಲ, ಅದಕ್ಕೊಂದು ಗಳಿಗೆ ಮೊದಲು ಲೋಟ ಎತ್ತಿಕೊಂಡು ಸುಮ್ಮನಿದ್ದದ್ದು. ಆ ಕರಾರಿಗೆ ರುಜು ಹಾಕಬೇಡಿ. ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಓಡುತ್ತೇನೆ. ನವೆಂಬರಿನಲ್ಲಿ ಇಳಿದು ಬನ್ನಿ.